ಅಣ್ಣನಿಗೆಂದು ತಂದ ದುಬಾರಿ ವಿಸ್ಕಿ

ಭಾನುವಾರ, ೧೭ ನವೆಂಬರ್ ೨೦೨೪

ಅಷ್ಟು ದುಡ್ಡು ಸುರಿದು ಆ ವಿಸ್ಕಿ ತರಬಾರದಿತ್ತು ಎಂದು ಬೆಳಿಗ್ಗೆಯಿಂದ ಅನ್ನಿಸುತ್ತಲೇ ಇತ್ತು. ಮಾಕಳಿಯ ಜಮೀನು ಪಾಲಾದ ಮೇಲೆ ನರಸಪ್ಪಣ್ಣ ನಮ್ಮ ಮನೆ ಮೆಟ್ಟಿಲು ಹತ್ತಿರಲಿಲ್ಲ. ಇವತ್ತು ಊಟಕ್ಕೆ ಬರಲು ಒಪ್ಪಿದ್ದ. ಅಗ್ಗದ್ದು ಇಟ್ಟರೆ ತಪ್ಪು ತಿಳಿದಾನೆಂಬ ಭಯ ನನಗೆ.

ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಇದೇನ್ಲಾ ಮುನಿ, ಹೊಗೆ ಕುಡ್ದಂಗೈತೆ. ನಿನ್ಗೆ ರುಚಿ ಆಯ್ತಾ?”

“ಇಲ್ಲಣ್ಣ.”

ಅಣ್ಣ ಜೋರಾಗಿ ನಕ್ಕ. ಆ ನಗು ಕೇಳಿ ನನ್ನ ಹೆಂಡತಿ ವನಜಾ ಅಡುಗೆಮನೆಯಿಂದ ಇಣುಕಿದಳು. ಜಮೀನಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಈ ವಯಸ್ಸಿನಲ್ಲಿ ಎತ್ತುವ ತ್ರಾಣ ಯಾರಿಗಿದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಮುಂದಿನ್ ಸಲ ಮಾಮೂಲಿ ರಮ್ಮೇ ತಂದಿಡು” ಎಂದ.

ಮುಂದಿನ ಸಲ ಎಂದನಲ್ಲ, ಅದನ್ನೇ ನೆನೆಯುತ್ತಾ ಕೂತಿದ್ದೇನೆ. ಕಣ್ಣು ಎಳೆಯುತ್ತಿದೆ.