ಮೂರನೇ ಹಲಗೆಯ ಕಬ್ಬಿಣ

ವೆಸ್ಟ್ ಕ್ರೀಕ್
ಸೋಮವಾರ, 4 ನವೆಂಬರ್ 1968

ಮಗಳೇ ಲೆನೋರ,

ಒಲೆಯ ಮೇಲೆ ಏನಿದ್ದರೂ ಇಳಿಸಿಟ್ಟು ಇದನ್ನು ಓದು. ಅಪ್ಪನ ಆಶೀರ್ವಾದ, ಮೊಣಕಾಲು ನೋವು, ಊರ ಸುದ್ದಿ ಎಲ್ಲ ಆಮೇಲೆ. ಬರುವ ಶನಿವಾರ ಬಾತುಬೇಟೆ ಶುರುವಾಗುತ್ತದಲ್ಲ, ಅವತ್ತು ನಾನು ಕಟ್ಟಿಕೊಟ್ಟ ದೋಣಿಯನ್ನು ನೀನು ನೀರಿಗೆ ಇಳಿಸಬಾರದು. ಇಷ್ಟು ಓದಿ ಉಳಿದದ್ದನ್ನು ಹರಿದು ಹಾಕಿದರೂ ಪರವಾಗಿಲ್ಲ.

ಮೊನ್ನೆಯಿಂದ ಐದು ಸಲ ಫೋನ್ ಮಾಡಿದೆ. ನನ್ನ ದನಿ ಕೇಳಿದ್ದೇ ತಡ, ನೀನು ಇಟ್ಟುಬಿಡುತ್ತೀಯ. ಹಟದಲ್ಲಿ ನನ್ನನ್ನೇ ಹೋಲುತ್ತೀಯ, ಯಾರನ್ನು ಬೈಯಲಿ?

ಮೊನ್ನೆ ಶನಿವಾರ ರೋಲಿಯ ಕ್ಷೌರದಂಗಡಿಯಲ್ಲಿ ಕೂತಿದ್ದೆ. ಅವನು ನನ್ನ ಮುಖಕ್ಕೆ ನೊರೆ ಹಚ್ಚುತ್ತಾ, "ನಿನ್ ಮಗಳು ಈ ಸಲ ಒಬ್ಬಳೇ ಹೋಗ್ತಾಳಂತಲ್ಲೋ ಎಲ್‌ವುಡ್! ನಿನ್ನಳಿಯ ಕ್ಲೇಟನ್‌ಗೆ ಸೊಂಟ ಹಿಡ್ಕೊಂಡಿದೆಯಂತೆ. ನಾಯಿ ಕರ್ಕೊಂಡು ಕೊಲ್ಲಿ ದಾಟಿ ಆಚೆ ಜೌಗಿಗೇ ಹೋಗ್ತಾಳಂತೆ, ಗಟ್ಟಿಗಿತ್ತಿ ಬಿಡು," ಅಂದ. ನನಗೂ ಒಳಗೊಳಗೆ ಜಂಬವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನು, "ದೋಣಿ ಮಗುಚಿ ಹಾಕಿ ಬಣ್ಣ ಹೊಡೀತಿದ್ಲು. ತಳದಲ್ಲಿ ಕಾಫಿ ಚೆಲ್ಲಿದ ಹಾಗೆ ಅಲ್ಲೊಂದು ಇಲ್ಲೊಂದು ಕಲೆ ಇತ್ತು. ಚೆನ್ನಾಗಿ ಉಜ್ಜಿ ಎರಡು ಕೈ ಕೊಟ್ಟಿದ್ದಾಳೆ, ಈಗ ಕಾಣೋದೇ ಇಲ್ಲ," ಅಂದ. ನಾನು ಅರ್ಧ ಬೋಳಿಸಿದ ಮುಖದಲ್ಲೇ ಎದ್ದು ಹೊರಟೆ. "ಏ ಹುಚ್ಚಪ್ಪ, ನನ್ನ ಟವೆಲಾದ್ರೂ ಕೊಟ್ಟು ಹೋಗೋ!" ಎಂದು ಅವನು ಬೀದಿಯವರೆಗೂ ಕೂಗಿಕೊಂಡು ಬಂದ. ಆ ಟವೆಲ್ ಇನ್ನೂ ನನ್ನ ಹತ್ತಿರವೇ ಇದೆ.

ಆ ಕಲೆ ತುಕ್ಕಿನದು, ಲೆನೋರ. ತಳದ ಮೂರನೇ ಹಲಗೆಗೆ ನಾನು ಕಂಚಿನ ಸ್ಕ್ರೂ ಹಾಕಿಲ್ಲ. ಕಬ್ಬಿಣದ್ದು ಹಾಕಿದ್ದೇನೆ.

ಈ ಒಂದು ಸಾಲು ಬರೆಯಲು ನಾಲ್ಕು ಕಾಗದ ಹಾಳು ಮಾಡಿದ್ದೇನೆ. ನಿನ್ನ ಹದಿನಾರನೇ ಹುಟ್ಟುಹಬ್ಬಕ್ಕೆ ಕಟ್ಟಿದ ದೋಣಿ ಅದು. ಮೂರನೇ ಹಲಗೆ ಕೂರಿಸುವಾಗ ಕಂಚಿನ ಸ್ಕ್ರೂ ಮುಗಿದವು. ಅಂಗಡಿ ಮುಚ್ಚಿತ್ತು, ಹಾಗಾಗಿ ಮನೆಯಲ್ಲಿ ಬೇಲಿಗೆಂದು ತಂದಿಟ್ಟಿದ್ದ ಕಬ್ಬಿಣದ ಸ್ಕ್ರೂಗಳನ್ನು ಬಿಗಿದು, ತಲೆಯ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದುಬಿಟ್ಟೆ. ಇಪ್ಪತ್ತೆರಡು ಸ್ಕ್ರೂ.

ಇಲ್ಲ, ಅಂಗಡಿ ತೆರೆದೇ ಇತ್ತು. ಬೇಟೆ ಶುರುವಾಗುವುದರೊಳಗೆ ದೋಣಿ ನೀರಿಗಿಳಿಸದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ರೋಲಿಯ ಮುಂದೆ ಕೊಚ್ಚಿಕೊಂಡಿದ್ದೆ. ಅಂಗಡಿಗೆ ಹೋಗಿ ಬರಲು ಅರ್ಧ ದಿನ ಹಾಳಾಗುತ್ತಿತ್ತು. ಒಂದು ಮೀಸೆಗೋಸ್ಕರ ಮಾಡಿದ ಕೆಲಸ ಇದು. ನಿನ್ನ ಅಮ್ಮನಿಗೂ ಹೇಳಲಿಲ್ಲ, ಪಾಪ, ಗೊತ್ತಿಲ್ಲದೆಯೇ ಹೋದಳು.

ಆಮೇಲೆ ಪ್ರತಿ ವಸಂತದಲ್ಲೂ ದೋಣಿಯನ್ನು ನಾನೇ ತರಿಸಿಕೊಂಡು ಹೆರೆದು, ಸಂದಿಗೆ ಹತ್ತಿ ತುಂಬಿ, ಒಣಹುಲ್ಲಿನ ಬಣ್ಣ ಹಚ್ಚಿ ಕೊಡುತ್ತಿದ್ದೆನಲ್ಲ? "ನನ್ನ ದೋಣಿ, ನಾನೇ ಹಚ್ತೀನಿ ಬಿಡಪ್ಪ," ಎಂದು ನೀನು ಎಷ್ಟು ಸಲ ಜಗಳವಾಡಿದೆ! "ನಿನಗೆ ಬ್ರಷ್ ಹಿಡಿಯಕ್ಕೂ ಬರಲ್ಲ, ಹೋಗೇ," ಎಂದು ಓಡಿಸುತ್ತಿದ್ದೆ. ನಿನಗೆ ಬ್ರಷ್ ಹಿಡಿಯಲು ಚೆನ್ನಾಗಿಯೇ ಬರುತ್ತಿತ್ತು. ನೀನು ಕಾಫಿ ಮಾಡಲು ಒಳಗೆ ಹೋದಾಗ ಒಂದೋ ಎರಡೋ ಕಬ್ಬಿಣ ಕಿತ್ತು ಕಂಚು ಹಾಕುತ್ತಿದ್ದೆ. ಒಮ್ಮೆಗೇ ಎಲ್ಲ ತೆಗೆಯಬೇಕೆಂದರೆ ಹಲಗೆಯನ್ನೇ ಬಿಚ್ಚಬೇಕು, ನಿನಗೆ ಗೊತ್ತಾಗಿಬಿಡುತ್ತದೆ. ಒಂಬತ್ತು ವಸಂತದಲ್ಲಿ ಹದಿಮೂರು ಬದಲಾಯಿಸಿದೆ. ಅಷ್ಟರಲ್ಲಿ ನೀನು ಮಾತು ಬಿಟ್ಟೆ. ಇನ್ನೂ ಒಂಬತ್ತು ಅಲ್ಲೇ ಇವೆ.

ಉಪ್ಪುನೀರು ಮತ್ತು ಓಕ್ ಮರ ಎರಡೂ ಸೇರಿದರೆ ಕಬ್ಬಿಣಕ್ಕೆ ಉಳಿಗಾಲವಿಲ್ಲ. ಮೇಲೆ ತಲೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಸೂಜಿಯಷ್ಟೂ ಉಳಿದಿರುವುದಿಲ್ಲ. ಅಂಗಳದಲ್ಲಿ ಗುದ್ದಿದರೂ ಏನೂ ಆಗುವುದಿಲ್ಲ. ಕೊಲ್ಲಿಯ ನಡುವೆ ಅಲೆ ಕೆಳಗಿನಿಂದ ಬಡಿದಾಗ ಹಲಗೆ ಒಂದೇ ಏಟಿಗೆ ಬಿಟ್ಟುಕೊಳ್ಳುತ್ತದೆ. ನವೆಂಬರಿನ ನೀರು, ತೊಡೆಯವರೆಗೆ ರಬ್ಬರ್ ಬೂಟು, ಸುತ್ತ ಒಂದು ನರಪಿಳ್ಳೆ ಇಲ್ಲ.

ಕ್ಲೇಟನ್ ವಿಷಯ ಬರೆಯದೆ ಮುಗಿಸೋಣ ಎಂದುಕೊಂಡಿದ್ದೆ. ಆಗುವುದಿಲ್ಲ. ಎರಡು ವರ್ಷದ ಹಿಂದೆ ಅವನು ಮೊದಲ ದೋಣಿ ಕಟ್ಟಿ ಅಷ್ಟು ಸಂಭ್ರಮದಿಂದ ತೋರಿಸಲು ತಂದ. ನಾನು ತಳದಿಂದ ಒಂದು ಕಬ್ಬಿಣದ ಸ್ಕ್ರೂ ಕಿತ್ತು ಹತ್ತು ಜನರ ಮುಂದೆ ಎತ್ತಿ ಹಿಡಿದು, "ಅಳಿಯಂದ್ರು ಕೋಳಿಗೂಡು ಕಟ್ಟಿದ್ದಾರೆ, ಯಾರಾದ್ರೂ ಮೊಟ್ಟೆ ತಗೊಂಡು ಹೋಗಿ," ಅಂದೆ. ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು. ನೀನೇ, "ನಿನ್ನ ಬಿಟ್ರೆ ಲೋಕದಲ್ಲಿ ಯಾರಿಗೂ ಕೆಲಸ ಬರಲ್ಲ ಅಲ್ವಾ ಅಪ್ಪ?" ಎಂದು ಕೇಳಿ, ಗಂಡನ ಕೈ ಹಿಡಿದುಕೊಂಡು ಹೋದೆ. ಅವತ್ತು ನಿನ್ನ ದೋಣಿಯೂ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿತ್ತು. ಅದರ ಕಡೆಗೆ ನಾನು ಕಣ್ಣೆತ್ತಿ ನೋಡಲಿಲ್ಲ. ಯಾರಾದರೂ ನೋಡಿಯಾರು ಎಂದೇ ಅವನ ಮೇಲೆ ಅಷ್ಟು ಜೋರು ಮಾಡಿದೆನೋ ಏನೋ.

ಅವನಿಗೆ ಈ ಪತ್ರ ಓದಿ ಹೇಳು. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಆದರೂ ಕೇಳಿದ್ದೇನೆ ಎಂದು ಹೇಳು.

ಮಾತು ಬಿಟ್ಟಿರು, ಫೋನ್ ಇಡು, ಬೇಕಾದರೆ ಜೀವಮಾನವಿಡೀ ಮುಖ ತೋರಿಸಬೇಡ. ಶನಿವಾರ ಮಾತ್ರ ಆ ದೋಣಿ ಹತ್ತಬೇಡ.

ನಿನ್ನ ಅಪ್ಪ,
ಎಲ್‌ವುಡ್

ಮತ್ತೊಂದು ವಿಷಯ: ನಿನ್ನೆ ನೀವು ಚರ್ಚಿಗೆ ಹೋಗಿದ್ದಾಗ ನಿಮ್ಮ ಅಂಗಳಕ್ಕೆ ಬಂದಿದ್ದೆ. ಕಾದಿದ್ದು ಹೇಳೋಣ ಎಂದುಕೊಂಡೆ, ನಿಮ್ಮ ಕಾರಿನ ಸದ್ದು ಕೇಳಿದ್ದೇ ಧೈರ್ಯ ಸಾಲದೆ ಹಿಂದಿನ ಬೇಲಿ ದಾಟಿ ಓಡಿದೆ. ಪೆಪ್ಪರ್ ಬೊಗಳಲಿಲ್ಲ, ಕೈ ನೆಕ್ಕಿತು. ನಾಯಿಗಾದರೂ ನನ್ನ ಗುರುತಿದೆ.

ಕ್ಲೇಟನ್‌ನ ದೋಣಿಯ ಕೆಳಗೆ ನಾನು ಮಲಗಿ ಒಂದೊಂದು ಪುಟ್ಟಿಯನ್ನೂ ಚಾಕುವಿನಿಂದ ಕೆರೆದು ನೋಡಿದೆ. ಎಲ್ಲ ಕಂಚು. ಯಾವಾಗ ಬದಲಾಯಿಸಿದನೋ, ಒಂದೂ ಬಿಟ್ಟಿಲ್ಲ. ನನಗಿಂತ ಒಳ್ಳೆಯ ಕೆಲಸ. ಹೋಗಲೇಬೇಕೆಂದರೆ ಅದರಲ್ಲಿ ಹೋಗು.

ಈ ಲಕೋಟೆಯಲ್ಲಿ ಉಬ್ಬಿಕೊಂಡಿರುವುದು ನಿನ್ನೆ ನಾನು ಕಿತ್ತು ತಂದ ನಿನ್ನ ದೋಣಿಯ ಬಿರಡೆ. ನೀರು ಬಸಿಯುವ ತೂತನ್ನು ಅವತ್ತು ನಾನು ಸೊಟ್ಟಗೆ ಕೊರೆದದ್ದು ನೆನಪಿದೆಯಲ್ಲ? ಕೈಯಾರೆ ಕೆತ್ತಿದ ಈ ದೇವದಾರು ತುಂಡು ಬಿಟ್ಟರೆ ಅಂಗಡಿಯ ಯಾವ ಬಿರಡೆಯೂ ಅದಕ್ಕೆ ಕೂರುವುದಿಲ್ಲ. ಕೋಪದಲ್ಲಿ ಗೋಣಿ ತುರುಕಿಕೊಂಡು ಹೊರಡಬೇಡ, ನಿನಗೆ ಕೈಮುಗಿಯುತ್ತೇನೆ. ನಾನು ಹಿಂದೆ ಬರೆದ ಎರಡು ಪತ್ರಗಳನ್ನು ನೀನು ಒಡೆಯದೆ ಹಾಗೇ ವಾಪಸು ಕಳಿಸಿದ್ದೀಯ. ಇದನ್ನೂ ಕಳಿಸಿದರೆ ಬಿರಡೆಯೂ ಇದರ ಜೊತೆಗೇ ನನ್ನ ಮನೆಗೆ ಬರುತ್ತದೆ, ನೀನು ದಡದಲ್ಲೇ ಉಳಿಯುತ್ತೀಯ. ನನಗೆ ಅಷ್ಟೇ ಸಾಕು.