ಇನ್ನು ಮುಂದೆ ನಮ್ಮನ್ನೇ ಅಣಕಿಸಲಿ

ಮಗಾ,

ನಿನ್ನ ಅಂಗಿ ನೆನೆಹಾಕುತ್ತಿದ್ದೆ, ಜೇಬು ತಡವಿದರೆ ಲಕೋಟೆ! ಪುಟ್ಟಿಯ ತರಗತಿಯ ಆ ಹುಡುಗಿಯ ಅಪ್ಪ ಅಮ್ಮನಿಗೆ ಕ್ಷಮೆ ಕೇಳಿ ನೀನು ಬರೆದ ಕಾಗದ, ಇಪ್ಪತ್ತು ದಿನದಿಂದ ಜೇಬಿನಿಂದ ಜೇಬಿಗೆ ತಿರುಗುತ್ತಲೇ ಇದೆ. ಅಲ್ಲಿ ಆ ಮಗು ಶಾಲೆಗೆ ಬರುವುದನ್ನೇ ಬಿಟ್ಟಿದೆ.

ನಿನ್ನೊಬ್ಬನನ್ನೇ ಬೈಯುತ್ತಿಲ್ಲ. ಅವಳ ತೊದಲನ್ನು ಪುಟ್ಟಿ ಊಟದ ಹೊತ್ತಿನಲ್ಲಿ ಅಣಕಿಸಿದಾಗ "ಇನ್ನೊಂದ್ಸಲ ಮಾಡೇ" ಅಂದವನು ನೀನು, ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ನಾವು ನಕ್ಕಿದ್ದಕ್ಕೇ ಅದು ಶಾಲೆಯವರೆಗೂ ಹೋಯಿತು. ಅಕ್ಷರ ಕಲಿಯಲು ಹೋಗುತ್ತಿದ್ದ ರಾತ್ರಿ ಶಾಲೆಯಲ್ಲಿ ನಾನು ತಡವರಿಸಿ ಓದಿದಾಗ ಹಿಂದಿನ ಬೆಂಚಿನವರು ನಕ್ಕಿದ್ದನ್ನು ಇನ್ನೂ ಮರೆತಿಲ್ಲ, ಆದರೂ ನಕ್ಕೆನಲ್ಲ!

ಇವತ್ತು ಶಾಲೆಗೆ ರಜೆ ನೋಡು, ಬೆಳಿಗ್ಗೆ ಪುಟ್ಟಿ ನಿನ್ನನ್ನೇ ಅಣಕಿಸಿದಳು. ಜೇಬು ತಟ್ಟಿಕೊಂಡು, ಗಂಟಲು ಸರಿಮಾಡಿಕೊಂಡು, "ನಾಳೆ ಹಾಕ್ತೀನಮ್ಮ, ನಾಳೆ ಗ್ಯಾರಂಟಿ!" ಥೇಟ್ ನೀನೇ ಕಣೋ. ನಕ್ಕೂ ನಕ್ಕೂ ನನ್ನ ಕನ್ನಡಕ ಬಕೆಟ್ಟಿಗೆ ಬಿತ್ತು.

ಆಮೇಲೆ ಮೆಲ್ಲಗೆ ಕೇಳಿದಳು, "ಅಜ್ಜಿ, ಅವಳು ಬಂದ್ರೆ ನನ್ ಪಕ್ಕ ಕೂರ್ತಾಳಾ?"

"ಕರೆದು ನೋಡೇ" ಅಂದೆ. ನಿನ್ನ ಕಾಗದದ ಕೆಳಗೆ ಪುಟ್ಟಿಯೇ ನಾಲ್ಕು ಸಾಲು ಬರೆದಳು. ನಾನು ಓದಲಿಲ್ಲ, ನೀನೂ ಏನು ಅಂತ ಕೇಳಬೇಡ.

ಅಂಗಿ ಹಿಂಡಿ ಒಣಹಾಕು. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ನಾವಿಬ್ಬರೂ ಅಂಚೆ ಕಚೇರಿಗೆ ಹೊರಟೆವು. ಲಕೋಟೆಗೆ ಅಂಚೆಚೀಟಿಯನ್ನು ಸೊಟ್ಟಗೆ ಅಂಟಿಸಿ, ಚಪ್ಪಲಿ ಮೆಟ್ಟಿ, ಪುಟ್ಟಿ ಬಾಗಿಲಲ್ಲಿ ಕುಣಿಯುತ್ತಿದ್ದಾಳೆ. ಡಬ್ಬಿಗೆ ಹಾಕುವುದು ಅವಳಂತೆ, ನಾನು ಬರೀ ಜೊತೆಗಂತೆ.

ಅಮ್ಮ