ಸೊಸೆ ಹೇಳಬಾರದ ಹೆಸರು

ನರಿನ್, ಅಕ್ಟೋಬರ್ ೧೪

ಝಿಪಾರ್,

ನೀನು ಕ್ಷೇಮವೆಂದು ಸಂತೆಯಲ್ಲೇ ಗೊತ್ತಾಯಿತು. ನಿನ್ನ ನಗು ಮಾಂಸದಂಗಡಿಯ ತನಕ ಕೇಳಿಸುತ್ತಿತ್ತಂತೆ. ಕಾಗದ ತಡವಾಯಿತು, ಮೂರು ಸಲ ಬರೆದು ಹರಿದೆ. ಎರಡು ಬೀದಿ ಆಚೆ ಇರುವವಳಿಗೆ ಕಾಗದವೇಕೆ ಎನ್ನಬೇಡ. ಎದುರಿಗೆ ಬಂದರೆ ನಿನ್ನ ಜುಟ್ಟು ಹಿಡಿದೇನು ಎಂದು ನನಗೇ ಭಯ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನ್ನ ಅಣ್ಣನಿಗೆ ನನ್ನನ್ನು ಗಂಟು ಹಾಕಿದವಳೂ ನೀನೇ.

ನನ್ನ ಎಲ್ನುರಾ ಮೂಗಿಯಲ್ಲ, ಪೆದ್ದಿಯೂ ಅಲ್ಲ. ನಿನಗೆ ಎಷ್ಟು ಸಲ ಹೇಳಲಿ? ಆರು ವರ್ಷದ ಆ ತಲೆಯೊಳಗೆ ಮಾತು ಪೂರ್ತಿ ಇದೆ. ತುಟಿ, ನಾಲಿಗೆ ಹೇಗೆ ತಿರುಗಬೇಕೆಂಬ ಅಪ್ಪಣೆ ಮಾತ್ರ ದಾರಿ ತಪ್ಪುತ್ತದೆ. ಅಪ್ರಾಕ್ಸಿಯಾ ಅನ್ನುತ್ತಾರೆ. ಮಾತು ಕಲಿಸುವ ವೆನೆರಾ ಟೀಚರ್ ಹೇಳಿದ್ದು ಇಷ್ಟೇ: "ಮನೆಯವ್ರು ಎದುರಿಗೆ ಕೂತು ನಿಧಾನಕ್ಕೆ ಹೇಳ್ಬೇಕು. ಅವಳು ನಿಮ್ಮ ತುಟಿ ನೋಡ್ಕೊಂಡು ನೂರು ಸಲ ಹೇಳ್ಬೇಕು. ದಿನಾ."

ನಿನ್ನಪ್ಪನ ಎಪ್ಪತ್ತರ ಔತಣದಲ್ಲಿ ಮೊಮ್ಮಕ್ಕಳೆಲ್ಲ ಅಪ್ಪನಿಂದ ಹಿಡಿದು ತಮ್ಮ ಏಳು ತಲೆಮಾರಿನ ಹಿರಿಯರ ಹೆಸರು ಒಪ್ಪಿಸಬೇಕೆಂದು ಹಟ ಹಿಡಿದವಳು ನೀನು. ನಾನೋ ಸೊಸೆ. ಗಂಡನ ಹೆಸರು, ಮಾವನ ಹೆಸರು, ಅವರ ಹಿರಿಯರ ಹೆಸರು ಯಾವುದನ್ನೂ ನಾಲಿಗೆಗೆ ತರುವಂತಿಲ್ಲ. ಅತ್ತೆಯನ್ನು ಕೇಳೋಣವೆಂದರೆ ಅವರೂ ಆ ಮನೆಗೆ ಸೊಸೆಯಾಗಿ ಬಂದವರೇ! ನನ್ನ ಗಂಡ, ಮಾವ ಇಬ್ಬರೂ ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋಗಿದ್ದರು. ನೀನು ಆ ಮನೆಯ ಮಗಳು, ನಿನಗೆ ಅಡ್ಡಿಯಿಲ್ಲವೆಂದು ಕೊನೆಗೆ ನಿನ್ನ ಕೈಕಾಲು ಹಿಡಿದೆ. "ದಿನಾ ಹತ್ತು ನಿಮಿಷ ಬಂದು ಹೇಳ್ಕೊಡೇ" ಅಂದೆ. "ಬರ್ತೀನಿ ಬಿಡೇ, ಅದೇನು ಮಹಾ ಕೆಲ್ಸ" ಅಂದೆ ನೀನು. ಎರಡು ದಿನ ಬಂದೆ. ಮೂರನೆಯ ದಿನ "ಗೋಡೆಗೆ ಪಾಠ ಹೇಳ್ದಂಗಿದೆ ಕಣೇ" ಎಂದು ಎದ್ದು ಹೋದವಳು ಮತ್ತೆ ತಲೆ ಹಾಕಲಿಲ್ಲ.

ಆಮೇಲೆ ಬಾಗಿಲು ಹಾಕಿಕೊಂಡು ನಾನೇ ಹೇಳಿಕೊಟ್ಟೆ. ಇಗೋ, ಇಲ್ಲೂ ಬರೆಯುತ್ತೇನೆ, ಏನು ಮಾಡ್ಕೋತೀಯೋ ಮಾಡ್ಕೋ: ಮಿರ್ಲಾನ್. ಸಾತಾರ್. ಮೂರು ತಿಂಗಳು ಬೆವರು ಸುರಿಸಿ ಕಲಿತದ್ದು ಈ ಎರಡೇ ಹೆಸರು, ಅಪ್ಪನದು ಮತ್ತು ಅಜ್ಜನದು.

ಔತಣದ ದಿನ ನಿನ್ನ ಮಕ್ಕಳು ಏಳೂ ಹೆಸರನ್ನು ಪಟಪಟ ಒದರಿ ಕೂತರು. ನನ್ನ ಮಗಳು ಎದ್ದು ನಿಂತಳು. ತುಟಿ ಒದ್ದಾಡಿತು, ಕತ್ತಿನ ನರ ಉಬ್ಬಿತು. "ಮಿ... ಲಾನ್" ಅಂದಳು. ಉಸಿರೆಳೆದುಕೊಂಡು "ಸಾ... ತಾ" ಅಂದಳು. ಮಾವ ಕುದುರೆ ಹಾಲಿನ ಕುಮಿಸ್ ಬಟ್ಟಲನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಅಷ್ಟರಲ್ಲಿ ನೀನು ಅರಚಿದೆ: "ಯಾರೇ ಇದನ್ನ ಹೇಳ್ಕೊಟ್ಟಿದ್ದು? ಬುರುಲ್, ನಮ್ಮಪ್ಪನ ಹೆಸ್ರು ಹಿಡಿದು ಕೂಗ್ತೀಯೇನೇ ಮನೇಲಿ? ಮಾನ ಮರ್ಯಾದೆ ಇಲ್ವಾ ನಿಂಗೆ?" ಅರವತ್ತು ಜನ ನನ್ನ ಕಡೆ ತಿರುಗಿದರು. ಮಗು ಮಾತಾಡಿದ್ದು ಒಬ್ಬರ ಕಿವಿಗೂ ಬೀಳಲಿಲ್ಲ. ನಿನ್ನ ಬಾಯಿಗೆ ಮಣ್ಣು ಬೀಳಲಿ, ಝಿಪಾರ್.

ಇನ್ನು ನಮ್ಮ ಹೊಸಿಲು ತುಳಿಯಬೇಡ. ನಿನ್ನ ಮಕ್ಕಳು ನೂರು ಕಾಲ ಬಾಳಲಿ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಕಾಲಕ್ಕೆ ನಿನ್ನ ಗೆಳತಿಯಾಗಿದ್ದ,
ಬುರುಲ್

ಮತ್ತೊಂದು ಮಾತು: ಆಗ ನಾನು ಏನಂದೆ ಎಂದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಕೂಗಾಡುತ್ತಿದ್ದೆ. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಿಕೊಳ್ಳೋಣವೆಂದು "ನಾನೇನೂ ಹೇಳ್ಕೊಟ್ಟಿಲ್ಲ. ಅದೇನು ಮಾತಾ? ಸುಮ್ನೆ ಶಬ್ದ ಮಾಡ್ತಾಳೆ" ಅಂದುಬಿಟ್ಟೆ. ಮಗು ನನ್ನ ಪಕ್ಕದಲ್ಲೇ ನಿಂತಿತ್ತು. ಈಗ ಟೀಚರ ಮುಂದೆಯೂ ಒಂದು ಸ್ವರ ಹೊರಡಿಸುತ್ತಿಲ್ಲ. ನಿನ್ನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ತಪ್ಪಾಯ್ತು ಕಣಮ್ಮ, ಒಂದ್ಸಲ ಹೇಳು" ಅಂದೆ. ಎಲ್ನುರಾ ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡಳು.